ಗಾಳಿ ಇದ್ದ ದಿನದ ಪರೀಕ್ಷೆ: ಕಲಬುರಗಿಯ ಒಂದು ಗ್ಯಾರೇಜ್ ಪ್ರಕರಣ

ಈ ಪ್ರಕರಣವನ್ನು ಬರೆಯಲು ಗಾಡಿಯ ಮಾಲೀಕ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: "ನನ್ನನ್ನು ದಡ್ಡನೆಂದು ಮಾತ್ರ ಬರೆಯಬೇಡಿ, ಉಸ್ತಾದ್." ಹಾಗೆ ಬರೆಯುವ ಅಗತ್ಯವೂ ಇಲ್ಲ. ಎಂಜಿನ್ ತಣಿಸುವ ಫ್ಯಾನನ್ನು ತೆಗೆದರೆ ಡೀಸೆಲ್ ಉಳಿಯುತ್ತದೆ ಎಂಬ ಅವನ ಲೆಕ್ಕ ಕೊನೆಗೆ ತಪ್ಪಿತು, ನಿಜ. ಆದರೆ ಆ ಲೆಕ್ಕ ಹುಟ್ಟಿದ್ದು ಅವನ ಕಿವಿ ಸರಿಯಾಗಿಯೇ ಕೇಳಿಸಿಕೊಂಡ ಒಂದು ಸದ್ದಿನಿಂದ. ಹೆಸರು, ಊರು, ಗಾಡಿಯ ಕಂಪನಿ ಯಾವುದನ್ನೂ ಹೇಳುವುದಿಲ್ಲ. ಗುರುತು ಹತ್ತದಂತೆ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಕಲಬುರಗಿಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಗ್ಯಾರೇಜ್ ನಡೆಸಿಕೊಂಡು ಬಂದವನು ನಾನು. ಇದರಲ್ಲಿ ನನ್ನದೂ ಒಂದು ತಪ್ಪಿದೆ. ಅದರ ಜಾಗ ಬಂದಾಗ ಹೇಳುತ್ತೇನೆ.

ಹುಡುಗನಿಗೆ ಇಪ್ಪತ್ತೆಂಟರ ಆಸುಪಾಸು. ಅಪ್ಪ ಒಕ್ಕಲುತನದವರು, ತೊಗರಿ ಬೆಳೆಯುತ್ತಾರೆ. ಮಗ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ದೊಡ್ಡ ಡೀಸೆಲ್ ಕಾರನ್ನು ಬಾಡಿಗೆಗೆ ಓಡಿಸುತ್ತಾನೆ. ಮದುವೆ, ಆಸ್ಪತ್ರೆ, ಹುಣ್ಣಿಮೆ ಅಮಾವಾಸ್ಯೆಗೆ ಗಾಣಗಾಪುರ. ತಿಂಗಳಿಗೆ ಸುಮಾರು 2,000 ಕಿಲೋಮೀಟರ್ ಓಟ. ಎಲ್ಲರಿಗೂ ಇರದ ಒಂದು ಒಳ್ಳೆಯ ರೂಢಿ ಅವನಿಗಿತ್ತು: ಸೀಟಿನ ಪಕ್ಕದಲ್ಲಿ ನೂರು ಪುಟದ ಒಂದು ನೋಟ್‌ಬುಕ್ಕು, ಅದರಲ್ಲಿ ಪ್ರತಿ ಸಲ ಹಾಕಿಸಿದ ಡೀಸೆಲ್ ಮತ್ತು ಓಡಿದ ಕಿಲೋಮೀಟರ್.

ಆ ನೋಟ್‌ಬುಕ್ಕಿನ ಪ್ರಕಾರ ಗಾಡಿ ಲೀಟರಿಗೆ 10.5 ಕಿಲೋಮೀಟರ್ ಕೊಡುತ್ತಿತ್ತು. ಕೊಂಡ ಹೊಸದರಲ್ಲಿ ಇದಕ್ಕಿಂತ ಮೇಲಿತ್ತು. ಏರಿನಲ್ಲಿ ಎಳೆತವೂ ಕಡಿಮೆಯಾಗಿತ್ತು. ಜೊತೆಗೆ ಬಾನೆಟ್ಟಿನ ಒಳಗಿಂದ ಸದಾ ಒಂದು ಮೊರೆತ. ಬೆಳಗಿನ ಚಳಿಯಲ್ಲಿ ಗಾಡಿ ಚಾಲೂ ಮಾಡಿ ಎಕ್ಸಿಲರೇಟರ್ ಒತ್ತಿದರೂ ಅದೇ ಮೊರೆತ. ಮೊಬೈಲಿನಲ್ಲಿ ರೇಸಿನ ಕಾರುಗಳ ಯಾವುದೋ ವಿಡಿಯೊ ನೋಡಿದ್ದ. ಎಂಜಿನ್ನಿನ ಶಕ್ತಿಯನ್ನು ಫ್ಯಾನ್ ತಿಂದುಹಾಕುತ್ತದೆ, ತೆಗೆದರೆ ಅಷ್ಟೂ ಚಕ್ರಕ್ಕೆ ಹೋಗುತ್ತದೆ ಎಂದು ಅದರಲ್ಲಿ ಹೇಳಿದ್ದರಂತೆ.

ಡಿಸೆಂಬರಿನ ಒಂದು ಬೆಳಿಗ್ಗೆ ಗ್ಯಾರೇಜಿಗೆ ಬಂದು ಕೇಳಿದ: "ಉಸ್ತಾದ್, ಫ್ಯಾನ್ ತೆಗೆದರೆ ಏನಾಗುತ್ತದೆ?" ನಾನು ಬೇರೊಂದು ಗಾಡಿಯ ಕೆಳಗೆ ಮಲಗಿ ಗೇರ್‌ಬಾಕ್ಸ್ ಬಿಚ್ಚುತ್ತಿದ್ದೆ. ಮುಖ ಹೊರಗೆ ಹಾಕದೆಯೇ ಅಂದೆ: "ಚಳಿಗಾಲದಲ್ಲಿ ಏನೂ ಆಗುವುದಿಲ್ಲ, ತಮ್ಮಾ."

ನನ್ನ ತಪ್ಪು ಇದೇ. ಮಾತು ಸುಳ್ಳಲ್ಲ. ಆದರೆ ಬೇಸಿಗೆಯಲ್ಲಿ ಆಗುವುದನ್ನು ನುಂಗಿಕೊಂಡ ಮಾತು. ಅವನಿಗೆ ಅದು ಅನುಮತಿಯಾಗಿ ಕೇಳಿಸಿತು. ನಾನು ಎದ್ದು ಬಂದು, ನಿಲ್ಲಿಸಿದ್ದ ಆ ಗಾಡಿಯ ಫ್ಯಾನನ್ನು ಕೈಯಿಂದ ಒಮ್ಮೆ ತಿರುಗಿಸಿ ನೋಡಿದ್ದರೆ ಈ ಬರಹಕ್ಕೆ ಕೆಲಸವೇ ಇರುತ್ತಿರಲಿಲ್ಲ.

ಏಕೆಂದರೆ ಫ್ಯಾನ್ ಶಕ್ತಿ ತಿನ್ನುತ್ತಿತ್ತು ಎಂಬುದು ಸತ್ಯ. ಸಣ್ಣ ಕಾರುಗಳಲ್ಲಿ, ಎಂಜಿನ್ನಿನ ನೀರು ಹರಿದು ತಣಿಯುವ ರೇಡಿಯೇಟರಿನ ಹಿಂದೆ ಕರೆಂಟಿನ ಫ್ಯಾನ್ ಇರುತ್ತದೆ. ನೀರು ಬಿಸಿಯಾದಾಗ ತಾನೇ ಶುರುವಾಗಿ, ತಣಿದಾಗ ತಾನೇ ನಿಲ್ಲುತ್ತದೆ. ಇವನದು ಎಂಜಿನ್ನನ್ನು ಉದ್ದಕ್ಕೆ ಕೂರಿಸಿದ ಗಾಡಿ. ಇಂಥವುಗಳಲ್ಲಿ ಫ್ಯಾನ್ ಬೆಲ್ಟಿನ ಮೇಲೆ, ವಾಟರ್ ಪಂಪಿನ ಪುಲ್ಲಿಗೆ ಕೂತು ತಿರುಗುತ್ತದೆ. ಎಂಜಿನ್ ಜೋರಾದಷ್ಟೂ ಅದೂ ಜೋರು. ವೇಗ ಎರಡು ಪಟ್ಟಾದರೆ ಫ್ಯಾನ್ ಕೇಳುವ ಶಕ್ತಿ ಸುಮಾರು ಎಂಟು ಪಟ್ಟಾಗುತ್ತದೆ. ಹೀಗಾಗಬಾರದೆಂದೇ ಫ್ಯಾನಿನ ನಡುವೆ ವಿಸ್ಕಸ್ ಕ್ಲಚ್ ಇಟ್ಟಿರುತ್ತಾರೆ: ಅಂಗೈಯಗಲದ ಗುಂಡನೆಯ ಅಲ್ಯೂಮಿನಿಯಂ ಡಬ್ಬಿ. ಒಳಗೆ ಗಟ್ಟಿಯಾದ ಸಿಲಿಕೋನ್ ಎಣ್ಣೆ, ಮುಂದೆ ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿದ ಒಂದು ಲೋಹದ ಪಟ್ಟಿ. ರೇಡಿಯೇಟರಿನಿಂದ ಬರುವ ಗಾಳಿ ಬಿಸಿಯಾದರೆ ಪಟ್ಟಿ ತಿರುಚಿಕೊಂಡು ಒಳಗಿನ ಕಿಂಡಿ ತೆರೆಯುತ್ತದೆ, ಎಣ್ಣೆ ಹರಿದು ಫ್ಯಾನನ್ನು ಹಿಡಿಯುತ್ತದೆ. ಗಾಳಿ ತಣ್ಣಗಿದ್ದರೆ ಹಿಡಿತ ಸಡಿಲ, ಫ್ಯಾನ್ ಜಾರುತ್ತ ಸುಮ್ಮನೆ ತಿರುಗುತ್ತಿರುತ್ತದೆ. ಅಂದರೆ ವಿಡಿಯೊದವರು ಮಾಡಿ ಎಂದು ಹೇಳಿದ್ದನ್ನು ಈ ಡಬ್ಬಿ ಮೊದಲಿನಿಂದಲೂ ಮಾಡುತ್ತಲೇ ಬಂದಿದೆ, ಅದೂ ಬೇಕಾದಾಗ ಮಾತ್ರ.

ಅವನ ಗಾಡಿಯಲ್ಲಿ ಈ ಕ್ಲಚ್ ಜಾಮ್ ಆಗಿತ್ತು. ಚಳಿಯೋ ಬಿಸಿಲೋ, ಫ್ಯಾನ್ ಸದಾ ಪೂರ್ತಿ ಹಿಡಿತದಲ್ಲಿ. ಮೊರೆತಕ್ಕೆ ಕಾರಣ ಅದು, ಎಳೆತ ಕಡಿಮೆಯಾಗಲು ಒಂದು ಕಾರಣವೂ ಅದು. ರೋಗವನ್ನು ಹುಡುಗ ಸರಿಯಾಗಿಯೇ ಗುರುತಿಸಿದ್ದ. ಔಷಧಿ ಮಾತ್ರ ಬೆರಳು ನೋಯುತ್ತದೆ ಎಂದು ಕೈಯನ್ನೇ ಕತ್ತರಿಸಿದಂಥದ್ದು.

ಫ್ಯಾನನ್ನು ತಾನೇ ಬಿಚ್ಚಿದ. ಅದೇ ಬೋಲ್ಟುಗಳು ಪುಲ್ಲಿಯನ್ನೂ ಹಿಡಿದಿದ್ದವು. ಉದ್ದ ಬೋಲ್ಟನ್ನೇ ಮತ್ತೆ ಹಾಕಿದರೆ ಬಿಗಿ ಬರುವುದಿಲ್ಲವೆಂದು ಗಿಡ್ಡ ಬೋಲ್ಟು ತಂದು ಕೂರಿಸಿದ. ಇಷ್ಟು ಬುದ್ಧಿ ಓಡಿಸುವವರು ಕಡಿಮೆ. ಫ್ಯಾನಿನ ಸುತ್ತ ಇರುವ ಪ್ಲಾಸ್ಟಿಕ್ ಗೂಡನ್ನೂ, ಶ್ರೌಡ್ ಎನ್ನುತ್ತಾರಲ್ಲ, "ಇನ್ನೇಕೆ ಇದು" ಎಂದು ತೆಗೆದು ಗುಜರಿಗೆ ಹಾಕಿದ. ಅದೇ ವಾರ ಏರ್ ಫಿಲ್ಟರ್ ಬದಲಿಸಿದ, ನಾಲ್ಕೂ ಟೈರಿಗೆ ಗಾಳಿ ಸರಿಮಾಡಿಸಿದ.

ನಂತರ ಪರೀಕ್ಷೆ. ಹುಮನಾಬಾದ್ ಮೇಲೆ ಹಾದು ಬೀದರಿಗೆ ಹೋಗಿ ಅದೇ ದಿನ ಮರಳಿದ. ರಾಷ್ಟ್ರೀಯ ಹೆದ್ದಾರಿ 50, ಡಿಸೆಂಬರಿನ ತಂಪು, ಹೆಚ್ಚಿನ ದಾರಿ ಗಂಟೆಗೆ 70-80 ಕಿಲೋಮೀಟರ್ ವೇಗ. ಟೆಂಪರೇಚರ್ ಮುಳ್ಳು ನಡುವಿನ ಗೆರೆ ಬಿಟ್ಟು ಕದಲಲಿಲ್ಲ. ಮೊರೆತ ಮಾಯ, ಎಳೆತ ಹಗುರ. ನೋಟ್‌ಬುಕ್ಕಿನಲ್ಲಿ 11.5 ಎಂದು ಬರೆದು ಕೆಳಗೆ ಎರಡು ಗೆರೆ ಎಳೆದ. ಆ ಪುಟವನ್ನು ನನಗೆ ತೋರಿಸಿದ್ದ ಕೂಡ.

ಆ ಗೆರೆಗಳ ಬಗ್ಗೆ ಎರಡು ಮಾತು ಹೇಳಬೇಕು. ಮೊದಲನೆಯದು, ಒಂದೇ ವಾರದಲ್ಲಿ ಮೂರು ಬದಲಾವಣೆ ಮಾಡಿದವನಿಗೆ ಲಾಭ ಯಾವುದರಿಂದ ಬಂತೆಂದು ತಿಳಿಯುವ ದಾರಿಯೇ ಇಲ್ಲ. ಎರಡನೆಯದು ಇನ್ನೂ ಮುಖ್ಯ. 80 ಕಿಲೋಮೀಟರ್ ವೇಗದಲ್ಲಿ ಓಡುವ ಗಾಡಿಯ ಮುಖಕ್ಕೆ ಸೆಕೆಂಡಿಗೆ ಸುಮಾರು 22 ಮೀಟರ್ ವೇಗದ ಗಾಳಿ ಬಡಿಯುತ್ತಿರುತ್ತದೆ. ಅಲ್ಲಿ ಫ್ಯಾನಿಗೆ ಕೆಲಸವೇ ಇಲ್ಲ. ಕೆಲಸವಿಲ್ಲದ ಜಾಗದಲ್ಲಿ ಪರೀಕ್ಷೆ ಮಾಡಿ, ಆಳು ಬೇಡವೆಂದು ತೀರ್ಮಾನಿಸಿದ ಹಾಗಾಯಿತು. ಎಲ್ಲ ಮುಗಿದ ಮೇಲೆ ಗ್ಯಾರೇಜಿಗೆ ಬಂದಿದ್ದ ಅವನ ಅಪ್ಪ ಇದನ್ನು ನನಗಿಂತ ಚೆನ್ನಾಗಿ ಹೇಳಿದರು: "ಗಾಳಿ ಬೀಸುವ ದಿನ ರಾಶಿ ತೂರಿ, ಫ್ಯಾನ್ ಯಾತಕ್ಕೆ ಅಂದ ಹಾಗೆ ಮಾಡಿದ್ದಾನೆ ನೋಡಿ. ಗಾಳಿ ಬಿದ್ದ ದಿನ ತಾನೇ ಅದು ಬೇಕಾಗುವುದು."

ಮೂರು ಸೂಚನೆ, ಮೂರು ತೇಪೆ

ಗಾಡಿ ಒಂದೇ ದಿನ ಕೈಕೊಡಲಿಲ್ಲ. ಮೂರು ಸಲ ಹೇಳಿತು.

ಫೆಬ್ರವರಿಯಲ್ಲಿ ಎ.ಸಿ. ಓಡುವಾಗ ತಂಪು ಕೊಡುತ್ತಿತ್ತು, ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಗದ್ದಲದಲ್ಲಿ ನಿಂತರೆ ಬಿಸಿ ಉಸಿರು ಬಿಡುತ್ತಿತ್ತು. ಎ.ಸಿ.ಯ ಬಿಸಿಯನ್ನು ಹೊರಗೆ ಬಿಡುವ ಕಂಡೆನ್ಸರ್ ಇರುವುದು ರೇಡಿಯೇಟರಿನ ಮುಂದೆಯೇ. ಎರಡಕ್ಕೂ ಅದೇ ಗಾಳಿ ಆಧಾರ. ಗಾಳಿ ನಿಂತರೆ ಎ.ಸಿ. ಮೊದಲು ಸೋಲುತ್ತದೆ, ಎಂಜಿನ್ನಿನ ಮುಳ್ಳು ಆಮೇಲೆ ಏರುತ್ತದೆ. ಇಷ್ಟು ಮುಂಚೆ ಸಿಗುವ ಎಚ್ಚರಿಕೆಯನ್ನು ಅವನು ಎ.ಸಿ.ಯ ರೋಗವೆಂದುಕೊಂಡು ಬೇರೆ ಅಂಗಡಿಯಲ್ಲಿ ಗ್ಯಾಸ್ ತುಂಬಿಸಿದ. "ಓಡುವಾಗ ತಂಪು, ನಿಂತರೆ ಬಿಸಿ" ಎಂಬ ಮಾತು ಕೇಳಿದ ತಕ್ಷಣ ಫ್ಯಾನಿನ ಕಡೆ ನೋಡಬೇಕಿತ್ತು. ಗ್ಯಾಸ್ ಕಡಿಮೆಯಿದ್ದರೆ ಓಡುವಾಗಲೂ ತಂಪು ಕುಂದುತ್ತದೆ.

ಮಾರ್ಚಿನಲ್ಲಿ ಶರಣಬಸವೇಶ್ವರರ ಜಾತ್ರೆ. ಜನರ ನಡುವೆ ಗಾಡಿ ಹೆಜ್ಜೆ ಹೆಜ್ಜೆಗೆ ನಿಲ್ಲುತ್ತ ಸಾಗಿದಾಗ ಮುಳ್ಳು ಮೊದಲ ಬಾರಿಗೆ ಮುಕ್ಕಾಲು ದಾಟಿತು. ಯಾರದೋ ಮಾತು ಕೇಳಿ ಥರ್ಮೋಸ್ಟಾಟ್ ತೆಗೆಸಿದ. ನಮ್ಮ ಕಡೆ ಇದು ಹಳೆಯ ರೂಢಿ, ಬೇಸಿಗೆ ಬಂತೆಂದರೆ ಥರ್ಮೋಸ್ಟಾಟ್ ಕಿತ್ತು ಎಸೆಯುವುದು. ಥರ್ಮೋಸ್ಟಾಟ್ ಸುಮಾರು 82ರಿಂದ 88 ಡಿಗ್ರಿಯ ನಡುವೆ ಬಾಗಿಲು ತೆರೆದು ನೀರನ್ನು ರೇಡಿಯೇಟರಿಗೆ ಬಿಡುತ್ತದೆ. ಬಿಸಿ ಎಂಜಿನ್ನಿನಲ್ಲಿ ಅದು ಹೇಗೂ ತೆರೆದೇ ಇರುತ್ತದೆ. ಅದನ್ನು ತೆಗೆದರೆ ಬೆಳಿಗ್ಗೆ ಎಂಜಿನ್ ಬಿಸಿಯಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ. ನಿಂತ ಗಾಡಿಗೆ ಗಾಳಿ ಮಾತ್ರ ಬರುವುದಿಲ್ಲ. ಇದೇ ಹೊತ್ತಿನಲ್ಲಿ ಕೂಲಂಟ್, ಅಂದರೆ ಎಂಜಿನ್ ತಣಿಸಲು ಹಾಕುವ ದ್ರವ, ಕಡಿಮೆಯಾದಾಗಲೆಲ್ಲ ಬೋರ್‌ವೆಲ್ ನೀರು ಸುರಿಯುತ್ತ ಬಂದ. ಶಹಾಬಾದ್ ಕಲ್ಲು ಏಳುವ ಸುಣ್ಣಕಲ್ಲಿನ ಸೀಮೆ ನಮ್ಮದು. ಗಡಸು ನೀರು ಸ್ನಾನದ ಹಂಡೆಯ ತಳಕ್ಕೆ ಕಟ್ಟುವ ಬಿಳಿ ಪದರವೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ.

ಏಪ್ರಿಲ್‌ನಲ್ಲಿ ಕೊನೆಗೂ ಅವನಿಗೆ ಗಾಳಿಯ ಕೊರತೆ ಅರ್ಥವಾಯಿತು. ಆಗ ಹಳೆಯ ಫ್ಯಾನನ್ನೇ ಮತ್ತೆ ಹಾಕಿದ್ದರೂ ಕಥೆ ಮುಗಿಯುತ್ತಿತ್ತು. ಮೊರೆಯುತ್ತಿತ್ತು, ಡೀಸೆಲ್ ತಿನ್ನುತ್ತಿತ್ತು, ಅಷ್ಟೇ. ಆದರೆ ಎರಡು ಗೆರೆ ಎಳೆದ 11.5 ಅವನನ್ನು ಬಿಡಲಿಲ್ಲ. ಗುಜರಿಯಿಂದ ಸಣ್ಣ ಕಾರೊಂದರ ಕರೆಂಟಿನ ಫ್ಯಾನ್ ತಂದು, ರೇಡಿಯೇಟರಿನ ಮುಂದೆ, ಗ್ರಿಲ್ಲಿನ ಹಿಂದೆ ಕಟ್ಟಿಸಿ, ಡ್ಯಾಶ್‌ಬೋರ್ಡಿಗೆ ಒಂದು ಸ್ವಿಚ್ ಕೊಡಿಸಿಕೊಂಡ. ಕರೆಂಟಿನ ಫ್ಯಾನಿಗೆ ಬದಲಾಯಿಸುವುದು ತಪ್ಪಲ್ಲ. ತಕ್ಕ ಅಳತೆಯ ಫ್ಯಾನ್, ಶ್ರೌಡ್, ರಿಲೇ, ಫ್ಯೂಸು, ತಾಪ ನೋಡಿ ತಾನೇ ಶುರುವಾಗುವ ಸ್ವಿಚ್ ಇಷ್ಟೂ ಇದ್ದರೆ ಅದು ಒಪ್ಪುವ ಕೆಲಸ. ಇಲ್ಲಿ ಇದ್ದದ್ದು ಫ್ಯಾನ್ ಮತ್ತು ವೈರ್. ಸ್ವಿಚ್ ಒತ್ತಿದರೆ ತಿರುಗುತ್ತಿತ್ತು, ಸದ್ದು ಬರುತ್ತಿತ್ತು. ತಿರುಗಿದರೆ ಸಾಕು ಎಂದುಕೊಂಡರು.

ಹುಣ್ಣಿಮೆಯ ದಿನ

ಮೇ ತಿಂಗಳ ಹುಣ್ಣಿಮೆ. ಕಲಬುರಗಿಯಿಂದ ಗಾಣಗಾಪುರಕ್ಕೆ ಸುಮಾರು 40 ಕಿಲೋಮೀಟರ್. ಬಿಸಿಲು 43 ಡಿಗ್ರಿಯಷ್ಟಿತ್ತು. ಗಾಡಿಯಲ್ಲಿ ಏಳು ಜನ, ಅವರಲ್ಲಿ ಮೂವರು ವಯಸ್ಸಾದವರು. ಹೋಗುವಾಗ ಏನೂ ಆಗಲಿಲ್ಲ. ಭೀಮಾ ಅಮರ್ಜಾ ಸಂಗಮದಲ್ಲಿ ಸ್ನಾನ, ಪಾದುಕೆಯ ದರ್ಶನ, ಮಧುಕರಿ ಎಲ್ಲ ಮುಗಿಸಿ ಮಧ್ಯಾಹ್ನ ಹೊರಟಾಗ ದಾರಿಯಲ್ಲಿ ಗಾಡಿಗಳು ಸಿಕ್ಕಿಕೊಂಡು ಸಾಲು ನಿಂತಿತ್ತು. ಅರ್ಧ ಗಂಟೆಗೂ ಹೆಚ್ಚು ಹೊತ್ತು ನಿಂತಲ್ಲೇ ಎಂಜಿನ್ ಚಾಲೂ, ಎ.ಸಿ. ಚಾಲೂ.

ಮೊದಲು ಎ.ಸಿ. ಬಿಸಿಯಾಯಿತು. ಹಿಂದೆ ಕೂತವರು ದೂರಿದಾಗ ಅವನು ಎ.ಸಿ.ಯನ್ನು ಇನ್ನೊಂದು ಹಂತ ಜೋರು ಮಾಡಿದ. ಮುಳ್ಳು ಏರತೊಡಗಿದಾಗ ಫ್ಯಾನಿನ ಸ್ವಿಚ್ ಒತ್ತಿದ. ಮುಳ್ಳು ಇಳಿಯುವ ಬದಲು ಬೇಗ ಏರಿತು. ಕೆಂಪಿಗೆ ತಾಗಿದ ಮೇಲೆ ಎ.ಸಿ. ಆರಿಸಿದ. ಎಂಜಿನ್ ಆರಿಸಲಿಲ್ಲ; ಆರಿಸಿದರೆ ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಸಾಲು ಈಗ ಬಿಟ್ಟೀತು ಎಂದುಕೊಂಡ. ಅಷ್ಟರಲ್ಲಿ ಬಾನೆಟ್ಟಿನ ಅಂಚಿನಿಂದ ಹಬೆ ಎದ್ದಿತು, ಕೆಳಗೆ ಡಾಂಬರಿನ ಮೇಲೆ ನೀರು ಹರಿಯಿತು. ಆ ಗಳಿಗೆಗೆ ಸರಿಯಾಗಿ ಮುಂದಿನ ಗಾಡಿ ಕದಲಿತು.

ಪ್ರಕರಣದ ನಿಜವಾದ ತಿರುವು ಇಲ್ಲಿದೆ. ಗಾಡಿ ಓಡತೊಡಗಿ ಎರಡು ನಿಮಿಷಕ್ಕೆ ಮುಳ್ಳು ಕೆಳಗಿಳಿಯಿತು. ಕೆಂಪಿನಿಂದ ನಡುವಿಗೆ, ನಡುವಿನಿಂದಲೂ ಕೆಳಗೆ. ಗಾಳಿ ಬಡಿಯಿತು, ತಣಿಯಿತು ಎಂದು ಅವನು ನಿಟ್ಟುಸಿರು ಬಿಟ್ಟ. ಆ ಮುಳ್ಳಿಗೆ ಸುದ್ದಿ ಕೊಡುವ ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ನಿಜ ಹೇಳುತ್ತದೆ. ನೀರು ಹೊರಗೆ ಹೋಗಿ ಸೆನ್ಸರಿನ ಸುತ್ತ ಬರೀ ಹಬೆ ಉಳಿದರೆ ಅದಕ್ಕೆ ಬಿಸಿ ಸರಿಯಾಗಿ ಮುಟ್ಟುವುದಿಲ್ಲ, ಮುಳ್ಳು ಸುಳ್ಳು ಹೇಳುತ್ತದೆ. ಹಬೆ ಕಂಡ ಮೇಲೆ ಮುಳ್ಳು ಸರ್ರನೆ ಇಳಿದರೆ ಅದು ಸಮಾಧಾನದ ಸುದ್ದಿಯಲ್ಲ. ಆ ಜಾಗದಲ್ಲೇ ಪಕ್ಕಕ್ಕೆ ಹಾಕಿ ಎಂಜಿನ್ ಆರಿಸಬೇಕು. ಅವನು ಇನ್ನೂ ಐದಾರು ಕಿಲೋಮೀಟರ್ ಓಡಿಸಿದ. ಎಳೆತ ಸತ್ತಿತು, ಎಂಜಿನ್ನಿನಲ್ಲಿ ಟಕಟಕ ಸದ್ದು ಬಂತು, ಹೊಲಗಳ ನಡುವೆ ಗಾಡಿ ನಿಂತಿತು.

ಕೆಳಗಿಳಿದವನೇ ಹೆಗಲ ಟವೆಲ್ ಕೈಗೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ. ಹಿಂದಿನ ಸೀಟಿನಿಂದ ಇಳಿದ ಅಜ್ಜಿಯೊಬ್ಬರು ಗದರಿಸಿದರಂತೆ: "ತಮ್ಮಾ, ಕುಕ್ಕರ್ ಸೀಟಿ ಹೊಡೆಯುವಾಗ ಮುಚ್ಚಳ ತೆಗೆಯುತ್ತಾರೇನು? ದೂರ ಸರಿ." ಆ ದಿನದ ಒಂದೇ ಒಂದು ಸರಿಯಾದ ನಿರ್ಧಾರ ಅಜ್ಜಿಯದು. ರೇಡಿಯೇಟರಿನ ಮುಚ್ಚಳ ಒತ್ತಡ ಹಿಡಿದಿಡುವುದರಿಂದ ಒಳಗಿನ ನೀರು 100 ಡಿಗ್ರಿ ದಾಟಿಯೂ ಕುದಿಯದೆ ಕೂತಿರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣ ಉಳಿದಷ್ಟು ನೀರೂ ಹಬೆಯಾಗಿ ಮುಖಕ್ಕೆ ಹಾರುತ್ತದೆ. ಟವೆಲ್ ಅದನ್ನು ತಡೆಯುವುದಿಲ್ಲ. ಕಲಬುರಗಿಯಿಂದ ಬೇರೆ ಗಾಡಿ ತರಿಸಿ ಜನರನ್ನು ಕಳಿಸಿದ. ಇವನ ಗಾಡಿ ಟ್ರ್ಯಾಕ್ಟರಿನ ಹಗ್ಗ ಹಿಡಿದು ಬಂತು.

ಬಿಚ್ಚಿದಾಗ ಕಂಡದ್ದು

ಮರುದಿನ ಎಣ್ಣೆಯ ಡಿಪ್‌ಸ್ಟಿಕ್ ಎಳೆದೆ. ತುದಿಯಲ್ಲಿ ಹಾಲು ಹೆಚ್ಚಾದ ಚಹಾದ ಬಣ್ಣ. ನೀರು ಎಣ್ಣೆಗೆ ಸೇರಿತ್ತು, ಅಂದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ: ಎಂಜಿನ್ನಿನ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಕೂತು ನೀರು, ಎಣ್ಣೆ, ಗ್ಯಾಸ್ ಬೆರೆಯದಂತೆ ತಡೆಯುವ ಹಾಳೆ. ಹೆಡ್ ಇಳಿಸಿ, ಅದರ ಮುಖದ ಮೇಲೆ ಸ್ಟೀಲಿನ ನೇರ ಪಟ್ಟಿ ಇಟ್ಟು, ಸಂದು ಅಳೆಯುವ ತೆಳು ಲೋಹದ ಎಲೆಗಳ ಫೀಲರ್ ಗೇಜ್ ಹಾಕಿ ನೋಡಿದೆ. 0.20 ಮಿಲಿಮೀಟರಿನ ಎಲೆ ಸಲೀಸಾಗಿ ನುಸುಳಿತು, ಅಂದರೆ ಬಿಸಿಗೆ ಹೆಡ್ ಬಾಗಿತ್ತು. ತಲೆಕೂದಲಿನ ದಪ್ಪದ ಎರಡರಷ್ಟಿದ್ದೀತು, ಆದರೆ ಸುಡುವ ಗ್ಯಾಸನ್ನು ನೀರಿನ ದಾರಿಗೆ ಬಿಡಲು ಅಷ್ಟು ಸಂದು ಸಾಕು.

ಆಮೇಲೆ ಆ ಕರೆಂಟಿನ ಫ್ಯಾನ್ ನೋಡೋಣವೆಂದು ಬ್ಯಾಟರಿ ಜೋಡಿಸಿ ಸ್ವಿಚ್ ಒತ್ತಿಸಿದೆ. ಹಳೆಯ ದಿನಪತ್ರಿಕೆಯ ಒಂದು ತುಂಡನ್ನು ಗ್ರಿಲ್ಲಿನ ಮುಂದೆ ಹಿಡಿದೆ. ಗಾಳಿ ಒಳಗೆ ಹೋಗುತ್ತಿದ್ದರೆ ಕಾಗದ ಗ್ರಿಲ್ಲಿಗೆ ಅಂಟಿಕೊಳ್ಳಬೇಕು. ಅದು ಹಾರಿ ನನ್ನ ಮೂಗಿಗೆ ಬಡಿಯಿತು.

ಹುಡುಗನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆ ಫ್ಯಾನ್ ತನ್ನ ಮೂಲ ಕಾರಿನಲ್ಲಿ ರೇಡಿಯೇಟರಿನ ಹಿಂದೆ ಕೂತು ಗಾಳಿ ಎಳೆಯುತ್ತಿದ್ದದ್ದು. ಮುಂದೆ ಕಟ್ಟುವಾಗ ಮೋಟರ್ ರೇಡಿಯೇಟರಿಗೆ ತಾಗುತ್ತದೆಂದು ತಿರುಗಿಸಿ ಕಟ್ಟಿದ್ದರು, ವೈರನ್ನು ಅದಲುಬದಲು ಮಾಡಿರಲಿಲ್ಲ. ಹೀಗಾಗಿ ಅದು ಎಂಜಿನ್ನಿನ ಬಿಸಿಗಾಳಿಯನ್ನು ರೇಡಿಯೇಟರಿನ ಮೂಲಕ ಮುಂದಕ್ಕೆ ತಳ್ಳುತ್ತಿತ್ತು. ನಿಂತ ಗಾಡಿಗೆ ತಾನಾಗಿ ಬರುತ್ತಿದ್ದ ಚೂರುಪಾರು ಗಾಳಿಗೂ ಅಡ್ಡ. ಸ್ವಿಚ್ ಒತ್ತಿದ ಮೇಲೆಯೇ ಮುಳ್ಳು ಬೇಗ ಏರಿದ್ದಕ್ಕೆ ಕಾರಣ ಇದು. "ಒಂದು ತಿಂಗಳು ಇದನ್ನೇ ನಂಬಿದ್ದೆನಲ್ಲ" ಎಂದ ಅವನು, ಕಾಗದವನ್ನು ತಾನೂ ಒಮ್ಮೆ ಹಿಡಿದು ನೋಡಿ. ವೈರ್ ಅದಲುಬದಲಿಸಿದ್ದರೂ ಪೂರ್ತಿ ಸರಿಹೋಗುತ್ತಿರಲಿಲ್ಲ. ರೆಕ್ಕೆಯ ಓರೆ ಒಂದು ದಿಕ್ಕಿಗೆಂದು ಮಾಡಿದ್ದು, ಉಲ್ಟಾ ತಿರುಗಿದರೆ ಗಾಳಿ ಕಡಿಮೆ.

ಹೆಡ್ಡನ್ನು ಲೇತಿಗೆ ಕಳಿಸಿ ಫೇಸಿಂಗ್, ಅಂದರೆ ಅದರ ಮುಖ ಕೆರೆದು ಸಮ, ಮಾಡಿಸಿದೆವು. ಹೊಸ ಗ್ಯಾಸ್ಕೆಟ್, ಹೊಸ ಥರ್ಮೋಸ್ಟಾಟ್, ರೇಡಿಯೇಟರಿಗೆ ಹೊಸ ಕೋರ್, ಎಣ್ಣೆ, ಸರಿಯಾಗಿ ಬೆರೆಸಿದ ಕೂಲಂಟ್. ಅವನ ಮನೆಯ ಅಟ್ಟದಲ್ಲಿದ್ದ ಹಳೆಯ ಫ್ಯಾನ್ ವಾಪಸು ಬಂತು, ಅದಕ್ಕೆ ಹೊಸ ವಿಸ್ಕಸ್ ಕ್ಲಚ್, ಜೊತೆಗೆ ಹೊಸ ಶ್ರೌಡ್. ಶ್ರೌಡಿಲ್ಲದಿದ್ದರೆ ಫ್ಯಾನ್ ರೇಡಿಯೇಟರಿನ ಮೂಲಕ ಗಾಳಿ ಎಳೆಯುವ ಬದಲು ಅಕ್ಕಪಕ್ಕದ ಬಿಸಿಗಾಳಿಯನ್ನೇ ಕಡೆಯುತ್ತಿರುತ್ತದೆ. ಒಟ್ಟು ಬಿಲ್ಲು 36,000 ರೂಪಾಯಿ, ಹನ್ನೊಂದು ದಿನದ ಬಾಡಿಗೆ ಬೇರೆ ಹೋಯಿತು. ಅದರಲ್ಲಿ ಕ್ಲಚ್ಚಿನ ಪಾಲು 4,000ಕ್ಕಿಂತ ಕಡಿಮೆ. ಐದು ತಿಂಗಳಲ್ಲಿ ಅವನ ಲೆಕ್ಕದ ಪ್ರಕಾರವೇ ಉಳಿದ ಡೀಸೆಲ್ ಸುಮಾರು 80 ಲೀಟರ್.

ಅಂದಿನಿಂದ ನಾನು ಮೊರೆತದ ದೂರು ಬಂದ ಗಾಡಿಯಲ್ಲಿ ಮೊದಲು ಇದನ್ನೇ ನೋಡುತ್ತೇನೆ. ಎಂಜಿನ್ ತಣ್ಣಗಿದ್ದು ನಿಂತಿರುವಾಗ ಫ್ಯಾನನ್ನು ಕೈಯಿಂದ ತಿರುಗಿಸಬೇಕು. ಸ್ವಲ್ಪ ಬಿಗಿ ಹಿಡಿದಂತೆ ತಿರುಗಿ ನಿಂತರೆ ಸರಿ. ಗಿರಗಿರನೆ ಸುತ್ತು ಹೊಡೆದರೆ ಎಣ್ಣೆ ಸೋರಿ ಹೋಗಿದೆ, ಬಿಸಿಯಲ್ಲಿ ಫ್ಯಾನ್ ಹಿಡಿಯುವುದಿಲ್ಲ. ಕಲ್ಲಿನಂತೆ ಬೆಲ್ಟನ್ನೇ ಎಳೆಯುವ ಹಾಗಿದ್ದರೆ ಜಾಮ್. ಬೆಲ್ಟಿನ ಫ್ಯಾನಿಗೆ ಮಾತ್ರ ಈ ಪರೀಕ್ಷೆ. ಕರೆಂಟಿನ ಫ್ಯಾನ್ ಎಂಜಿನ್ ನಿಂತಿದ್ದರೂ ತಾನಾಗಿ ಶುರುವಾದೀತು, ಕೈ ಹಾಕಬೇಡಿ. ಮತ್ತು ಯಾರಾದರೂ ಏನಾದರೂ ತೆಗೆದುಹಾಕಲೇ ಎಂದು ಕೇಳಿದರೆ ಗಾಡಿಯ ಕೆಳಗಿನಿಂದ ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ.

ಗಾಡಿ ಒಪ್ಪಿಸುವ ಮುಂಚೆ ಗ್ಯಾರೇಜಿನ ಅಂಗಳದಲ್ಲಿ, ಮಧ್ಯಾಹ್ನದ ಬಿಸಿಲಿಗೆ, ಎ.ಸಿ. ಹಾಕಿ ಮುಕ್ಕಾಲು ಗಂಟೆ ನಿಲ್ಲಿಸಿದೆವು. ಮೊದಲು ಸದ್ದಿಲ್ಲ. ಸ್ವಲ್ಪ ಹೊತ್ತಿಗೆ ಹುಡುಗ ಕಿವಿ ನಿಮಿರಿಸಿದ: ಆ ಮೊರೆತ ನಿಧಾನವಾಗಿ ಎದ್ದಿತು. ಗಾಡಿಯನ್ನು ರಿಂಗ್ ರಸ್ತೆಗೆ ಒಯ್ದಾಗ ಮತ್ತೆ ಅಡಗಿತು. ತಿಂಗಳ ನಂತರ ನೋಟ್‌ಬುಕ್ಕು ತಂದು ತೋರಿಸಿದ, 11.3 ಎಂದಿತ್ತು. ಗೆರೆ ಎಳೆದಿರಲಿಲ್ಲ.

ಕರೆಂಟಿನ ಫ್ಯಾನನ್ನು ಅವನ ಅಪ್ಪ ಊರಿಗೆ ಒಯ್ದರು. ಹೆಸರುಕಾಳಿನ ರಾಶಿಗೆ, ಗಾಳಿ ಬಿದ್ದ ದಿನ, ಟ್ರ್ಯಾಕ್ಟರಿನ ಹಳೆಯ ಬ್ಯಾಟರಿಗೆ ಜೋಡಿಸಿ ಕಣದಲ್ಲಿ ಹೊಟ್ಟು ತೂರಿದರಂತೆ. ಶುರು ಮಾಡುವ ಮೊದಲು ಎದುರಿಗೆ ಕಾಗದ ಹಿಡಿದು ದಿಕ್ಕು ನೋಡಿಕೊಂಡರು ಎಂದು ಹುಡುಗನೇ ನಗುತ್ತ ಹೇಳಿದ.